ಓದು ತೊಡಕಾದ ಮಕ್ಕಳು ಮತ್ತು ನಮ್ಮ ಗ್ರಂಥಭಂಡಾರಗಳು

ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಇತಿಹಾಸವನ್ನು ಬರೆಯಹೊರಟವರು ಯಾರೇ ಆಗಲಿ ಎರಡು ಸಂಗತಿಗಳನ್ನು ಅಭಿಮಾನದಿಂದ ಸ್ಮರಿಸುತ್ತಾರೆ. ಒಂದು, ಹಗಲು ದುಡಿದು ಇರುಳು ಕಲಿತ ಹುಡುಗರ ರಾತ್ರಿಶಾಲೆಗಳು. ಇನ್ನೊಂದು, ಸಂಘಸಂಸ್ಥೆಗಳು ಕಷ್ಟಪಟ್ಟು ಕಟ್ಟಿದ ವಾಚನಾಲಯಗಳು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳ ಪರಂಪರೆಯಲ್ಲಿ ಕನ್ನಡದ ಓದು ಈ ಮಹಾನಗರದಲ್ಲಿ ಬೇರೂರಿತು. ನಮ್ಮ ವಿಭಾಗದ ಅನೇಕರು ಸಂಶೋಧನ ಪ್ರಬಂಧಗಳಿಗೆ ಆಕರಗಳನ್ನು ಹುಡುಕಿದ್ದೂ ಸಂಘಗಳ ಇಂಥ ಕಪಾಟುಗಳಲ್ಲಿಯೇ. ಆದರೆ ಈ ಭಂಡಾರಗಳೆಲ್ಲವೂ ಈಗಾಗಲೇ ಓದಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. ಓದಲು ಬಯಸಿಯೂ ಓದಲಾಗದ ಮಗುವೊಂದು ಬಾಗಿಲಲ್ಲಿ ಬಂದು ನಿಂತರೆ ಅದರ ಕೈಗೆ ಏನನ್ನು ಕೊಡಬೇಕು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ವಿರಳ. ಆ ಪ್ರಶ್ನೆಯನ್ನು ನನ್ನ ಅಧ್ಯಾಪನದ ಅನುಭವದ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1990ರ ದಶಕದ ನಡುವಿನಲ್ಲಿ, ನಾನು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ನಗರದ ಒಂದು ರಾತ್ರಿಶಾಲೆಯಲ್ಲಿ ವಾರಕ್ಕೆ ಮೂರು ಸಂಜೆ ಕನ್ನಡ ಪಾಠ ಮಾಡುತ್ತಿದ್ದೆ. ಅಲ್ಲಿ ಕುಂದಾಪುರದ ಕಡೆಯಿಂದ ಬಂದು ಕ್ಯಾಂಟೀನೊಂದರಲ್ಲಿ ದುಡಿಯುತ್ತಿದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬನಿದ್ದ. ಬಿಡಿ ಅಕ್ಷರಗಳನ್ನು ಅವನು ಗುರುತಿಸುತ್ತಿದ್ದ. ಆದರೆ ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಕೈತಪ್ಪಿ ಹೋಗಿರುತ್ತಿತ್ತು. ಒತ್ತಕ್ಷರ ಎದುರಾದಲ್ಲಿ ದನಿ ನಿಂತೇಬಿಡುತ್ತಿತ್ತು. ಉಳಿದವರು ನಗುತ್ತಿದ್ದರು. ಅದೇ ಹುಡುಗ ಶನಿವಾರದ ತಾಳಮದ್ದಲೆಯನ್ನು ಕೇಳಿಬಂದರೆ, ಸೋಮವಾರ ಕರ್ಣನ ಅರ್ಥವನ್ನು ದೀರ್ಘ ಸಮಾಸಗಳ ಸಮೇತ ತಡವರಿಸದೆ ಒಪ್ಪಿಸುತ್ತಿದ್ದ. ಪಠ್ಯದಲ್ಲಿ ಎರಡು ಸಾಲು ಓದಲಾರದವನು ಪ್ರಸಂಗದ ಅರ್ಧ ಭಾಗವನ್ನು ನಾಲಗೆಯ ಮೇಲಿಟ್ಟುಕೊಂಡಿದ್ದ. ಮುಂದಿನ ವರ್ಷ ಪರೀಕ್ಷೆಯ ಮುನ್ನವೇ ಅವನು ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಷರಾ ಉಳಿಯಿತು.

ಈ ಬಗೆಯ ತೊಡಕು ಆಸಕ್ತಿಯ ಅಭಾವವೂ ಅಲ್ಲ, ಬುದ್ಧಿಯ ಮಾಂದ್ಯವೂ ಅಲ್ಲ ಎಂಬುದು ವೈದ್ಯಲೋಕಕ್ಕೆ ತಿಳಿದು ಶತಮಾನವೇ ಕಳೆದಿದೆ. 1877ರಲ್ಲಿ ಜರ್ಮನಿಯ ವೈದ್ಯ ಕುಸ್‌ಮೌಲ್ ದೃಷ್ಟಿ ಸರಿಯಿದ್ದೂ ಓದಲಾಗದ ಸ್ಥಿತಿಯನ್ನು ‘ಪದಾಂಧತೆ’ ಎಂದು ಕರೆದನು. 1887ರಲ್ಲಿ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ‘ಡಿಸ್‌ಲೆಕ್ಸಿಯ’ ಎಂಬ ಪದವನ್ನು ಟಂಕಿಸಿದನು. ಇವರು ವಿವರಿಸಿದ್ದು ರೋಗ ಅಥವಾ ಆಘಾತದಿಂದ ಓದನ್ನು ಕಳೆದುಕೊಂಡ ವಯಸ್ಕರನ್ನು. ಹುಟ್ಟಿನಿಂದಲೇ ಈ ತೊಡಕಿರುವ ಬಾಲಕನೊಬ್ಬನ ವೃತ್ತಾಂತವನ್ನು 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯ ಪ್ರಕಟಿಸಿದನು. ಆ ಬಾಲಕನಿಗೂ ವಯಸ್ಸು ಹದಿನಾಲ್ಕು. ಬೋಧನೆಯೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಅವನಿಗಿಂತ ಚುರುಕಿನ ಹುಡುಗ ಇರಲಾರ ಎಂದು ಅವನ ಶಿಕ್ಷಕರು ಅಭಿಪ್ರಾಯಪಟ್ಟರೆಂದು ಮಾರ್ಗನ್ ದಾಖಲಿಸಿದ್ದಾನೆ. ತಾಳಮದ್ದಲೆಯ ನಮ್ಮ ಹುಡುಗನ ಬಗ್ಗೆಯೂ ಇದಕ್ಕಿಂತ ನಿಖರವಾದ ಮಾತನ್ನು ಹೇಳುವುದು ಕಷ್ಟ.

ಲಿಪಿಯಿಂದ ಲಿಪಿಗೆ ತೊಡಕಿನ ಸ್ವರೂಪ ಬದಲಾಗುತ್ತದೆ. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರಗಳನ್ನು ಬೇಗನೆ ಕಲಿತು, ಕಾಗುಣಿತದ ಅನಿಶ್ಚಿತತೆಯಲ್ಲಿ ಎಡವುತ್ತದೆ. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರೆಹ. ಆದುದರಿಂದ ಕನ್ನಡದ ಮಕ್ಕಳಿಗೆ ಓದಿನ ತೊಡಕೇ ಇರದು ಎಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಆದರೆ 34 ವ್ಯಂಜನಗಳು ಸ್ವರಗಳೊಡನೆ ಕೂಡಿದಾಗ ಆಗುವ ರೂಪಗಳು 400ನ್ನು ಮೀರುತ್ತವೆ. ಒತ್ತಕ್ಷರಗಳನ್ನು ಸೇರಿಸಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಅಕ್ಷರಜ್ಞಾನ ಪಕ್ವವಾಗಲು ಇಂಗ್ಲಿಷಿಗಿಂತ ಹೆಚ್ಚು ವರ್ಷಗಳು ಬೇಕೆಂದೂ, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಆ ಕಲಿಕೆ ಸಾಗಿರುತ್ತದೆಂದೂ ತೋರಿಸಿತು. ‘ವು’ ಮತ್ತು ‘ಮ’, ‘ಪ’ ಮತ್ತು ‘ಷ’, ‘ದ’ ಮತ್ತು ‘ಥ’ಗಳ ಹೋಲಿಕೆ ಕಣ್ಣನ್ನು ದಣಿಸುತ್ತದೆ. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ರೇಫವು ಅರ್ಕಾವೊತ್ತಾಗಿ ‘ಯ’ಕಾರದ ಅನಂತರ ಕುಳಿತಿರುತ್ತದೆ, ಕಣ್ಣು ಮುಂದೆ ಹೋಗಿ, ನಾಲಗೆ ಹಿಂದೆ ಬರಬೇಕು. ವ್ಯಾಕರಣ ಪಾಠದಲ್ಲಿ ನಾವು ಒಂದೇ ವಾಕ್ಯದಲ್ಲಿ ದಾಟಿಹೋಗುವ ಈ ಸಂಗತಿಯು ಕೆಲವು ಮಕ್ಕಳಿಗೆ ವರ್ಷಗಟ್ಟಲೆ ದಾಟಲಾಗದ ಹಳ್ಳ.

ಹೊರನಾಡಿನ ಮಗುವಿಗಂತೂ ಈ ಹಳ್ಳ ಇನ್ನೂ ಆಳವಾದುದು. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ ಹಿಂದಿಗಳು, ಶಾಲೆಯಲ್ಲಿ ಇಂಗ್ಲಿಷ್. ರೋಮನ್ ಮತ್ತು ದೇವನಾಗರಿಗಳು ಶಾಲೆಯ ಮೂಲಕ ಬರುತ್ತವೆ; ಕನ್ನಡ ಲಿಪಿ ಮೂರನೆಯದಾಗಿ, ರಜೆಯ ದಿನದ ತರಗತಿಯಲ್ಲಿಯೋ ಅಜ್ಜಿಯ ಕೈಯಲ್ಲಿಯೋ ಬರಬೇಕು. ದೇವನಾಗರಿಯ ಸಂಯುಕ್ತಾಕ್ಷರಗಳು ಬಹುತೇಕ ಪಕ್ಕಪಕ್ಕದಲ್ಲಿ ಕೂಡಿಕೊಂಡರೆ ಕನ್ನಡದ ಒತ್ತು ಕೆಳಗಿಳಿಯುತ್ತದೆ. ಮರಾಠಿಯ ಬರೆಹದಲ್ಲಿ ಹ್ರಸ್ವ ಎ, ಒ ಕಾರಗಳಿಗೆ ಪ್ರತ್ಯೇಕ ಚಿಹ್ನೆಗಳಿಲ್ಲವಾಗಿ ಇಲ್ಲಿಯ ಮಗುವಿನ ಓದಿನಲ್ಲಿ ‘ಕೆರೆ’ ಹೋಗಿ ‘ಕೇರೆ’ಯಾಗುತ್ತದೆ. ಇದು ಲಿಪಿಗಳ ಸಂಘರ್ಷದಿಂದ ಬಂದ ತಾತ್ಕಾಲಿಕ ತೊಡಕೋ, ನರಮೂಲದ ನಿರ್ದಿಷ್ಟ ಕಲಿಕಾ ನ್ಯೂನತೆಯೋ, ಕಣ್ಣು ಕಿವಿಗಳ ದೋಷವೋ ಎಂದು ನಿರ್ಣಯಿಸುವುದು ತಜ್ಞರ ಕೆಲಸ. ಅಧ್ಯಾಪಕರು ಅದಕ್ಕೆ ಕೈಹಾಕಬಾರದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾ ಸಾಧನದಲ್ಲಿ ಹಿಂದಿ, ಮರಾಠಿ, ಇಂಗ್ಲಿಷುಗಳೊಡನೆ ಕನ್ನಡವೂ ಸೇರಿದೆ ಎಂಬುದು ಸಮಾಧಾನದ ವಿಷಯ. ಮಗುವಿಗೆ ಇಂಗ್ಲಿಷ್ ಬಾರದೆಂಬುದನ್ನೇ ನ್ಯೂನತೆಯೆಂದು ಎಣಿಸುವ ಅಪಾಯ ಇದರಿಂದ ತಗ್ಗುತ್ತದೆ.

ಮಹಾರಾಷ್ಟ್ರದಲ್ಲಿ 1996ರಿಂದ ಇಂಥ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳು ದೊರೆಯತೊಡಗಿದವು. ಹೆಚ್ಚಿನ ಕಾಲಾವಕಾಶ, ಭಾಷಾವಿಷಯವೊಂದರಿಂದ ವಿನಾಯಿತಿ ಮೊದಲಾದವು ಅವುಗಳಲ್ಲಿ ಸೇರಿವೆ. 2007ರಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಚಲನಚಿತ್ರವು ಈ ಮಕ್ಕಳ ಸಂಕಟವನ್ನು ಮನೆಮನೆಗೆ ಮುಟ್ಟಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ತಾನು ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ವಿನಾಯಿತಿಯ ಪ್ರಶ್ನೆ ಎದುರಾದಾಗ ಹೊರನಾಡ ಕನ್ನಡಿಗರ ಮನೆಗಳಲ್ಲಿ ಮೊದಲು ಬಿಟ್ಟುಬಿಡುವ ಭಾಷೆ ಯಾವುದು ಎಂಬುದನ್ನು ಯೋಚಿಸಬೇಕು. ಇಂಗ್ಲಿಷನ್ನು ಬಿಡಲಾಗದು, ಮರಾಠಿ ಹಿಂದಿಗಳು ಶಾಲೆಗೂ ಬದುಕಿಗೂ ಬೇಕು. ಶಾಲೆಯ ಪಟ್ಟಿಯಲ್ಲಿಯೇ ಇಲ್ಲದ ಕನ್ನಡ, ಯಾವ ಅರ್ಜಿಯೂ ಇಲ್ಲದೆ, ಯಾರ ಅಪ್ಪಣೆಯೂ ಬೇಡವಾಗಿ ಬಿದ್ದುಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಉಪನಗರದಿಂದ ಬಂದ ತಾಯಿಯೊಬ್ಬರು ವಿಭಾಗದಲ್ಲಿ ನನ್ನನ್ನು ಕಂಡು ಇದನ್ನೇ ಕೇಳಿದರು. ಒಂಬತ್ತು ವರ್ಷದ ಮಗಳಿಗೆ ಡಿಸ್‌ಲೆಕ್ಸಿಯ ಇರುವುದು ದೃಢಪಟ್ಟಿತ್ತು. ಮನೆಯಲ್ಲಿ ಕನ್ನಡ ಮಾತಾಡುವುದನ್ನೂ ನಿಲ್ಲಿಸಿ ಒಂದೇ ಭಾಷೆಗೆ ಒಗ್ಗಿಸಿರೆಂದು ಯಾರೋ ಸಲಹೆ ಕೊಟ್ಟಿದ್ದರು. ಆದರೆ ಮನೆಯಲ್ಲಿದ್ದ ಅಜ್ಜಿಗೆ ಕನ್ನಡವಲ್ಲದೆ ಬೇರೆ ಮಾತು ಬಾರದು. “ಹಾಗೆ ಮಾಡಿದರೆ ಇವಳು ಅಜ್ಜಿಯ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಬೇಕು?” ಎಂದರು ಆ ತಾಯಿ. ಬರೆಹದ ಹೊರೆಯನ್ನು ಎಷ್ಟು ಬೇಕಾದರೂ ಇಳಿಸಿ, ಮಾತನ್ನು ಮಾತ್ರ ನಿಲ್ಲಿಸಬೇಡಿ ಎಂದೆ. ಲಿಪಿಯ ತೊಡಕಿಗೆ ಭಾಷೆಯ ತ್ಯಾಗ ಪರಿಹಾರವಾಗಲಾರದು. ಕಿವಿಯಲ್ಲಿ ಪದಗಳ ಸಂಪತ್ತು ಬೆಳೆದಷ್ಟೂ ಮುಂದೆ ಕಣ್ಣಿಗೆ ಊಹೆಯ ಆಸರೆ ದೊರೆಯುತ್ತದೆ. ಅವರು ಒಪ್ಪಿದರು. ಬಳಿಕ ಕೇಳಿದರು: “ಹಾಗಾದರೆ ಇವಳಿಗೆ ಕೊಡಬಹುದಾದ ಕನ್ನಡ ಪುಸ್ತಕ ಯಾವುದು?”

ಈ ಪ್ರಶ್ನೆಯನ್ನು ಹಿಡಿದು ನಾನು ನನಗೆ ಪರಿಚಿತವಾದ ಕೆಲವು ಕನ್ನಡ ವಾಚನಾಲಯಗಳ ಮಕ್ಕಳ ಕಪಾಟುಗಳನ್ನು ಪರಿಶೀಲಿಸಿದೆ. ಪುಸ್ತಕಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಮಹಾಪುರುಷರ ಚರಿತ್ರೆಗಳು, ನೀತಿಕಥೆಗಳು, ಪುರಾಣಕಥೆಗಳು ಸಾಲುಗಟ್ಟಿ ನಿಂತಿದ್ದವು. ಆದರೆ ಅವುಗಳ ಅಚ್ಚು ಸಣ್ಣದು, ಸಾಲುಗಳು ಒತ್ತೊತ್ತಾದವು. ಎಂಟು ವರ್ಷದವರಿಗೆಂದು ಬರೆದ ಕಥೆಯ ಮೊದಲ ವಾಕ್ಯದಲ್ಲಿಯೇ ‘ಪರಾಕ್ರಮಶಾಲಿ’, ‘ಪ್ರಜಾವತ್ಸಲ’ ಎಂಬಂಥ ಪದಗಳು. ಕನ್ನಡ ಮಕ್ಕಳ ಸಾಹಿತ್ಯದ ಪ್ರವರ್ತಕರು ಹೀಗೆ ಬರೆದವರಲ್ಲ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಗುವಿನ ಕಿವಿಯನ್ನು ಬಲ್ಲವರಾಗಿದ್ದರು. ಅವರ ಪದ್ಯಗಳಲ್ಲಿ ಪ್ರಾಸವು ಮುಂದಿನ ಪದವನ್ನು ಮೊದಲೇ ಸೂಚಿಸುತ್ತದೆ. ಲಯವು ಸಾಲಿನ ಕೊನೆಯವರೆಗೆ ಮಗುವನ್ನು ನಡೆಸಿಕೊಂಡು ಹೋಗುತ್ತದೆ. ಓದು ತೊಡಕಾದ ಮಗುವಿಗೆ ಇದಕ್ಕಿಂತ ಉತ್ತಮ ಊರುಗೋಲು ಬೇರೆ ಇಲ್ಲ. ವಿಷಾದದ ಸಂಗತಿಯೆಂದರೆ ನಾನು ನೋಡಿದ ಕಪಾಟುಗಳಲ್ಲಿ ಇವರ ಕೃತಿಗಳಿದ್ದದ್ದು ದೊಡ್ಡವರ ವಿಭಾಗದ ಸಮಗ್ರ ಸಂಪುಟಗಳಲ್ಲಿ.

ಇಲ್ಲಿ ನಮ್ಮ ಪರಂಪರೆಯ ಕಡೆಗೊಮ್ಮೆ ತಿರುಗಿ ನೋಡುವುದು ಉಚಿತ. ಕನ್ನಡ ನಾಡಿನ ಜನ ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಎಂಬ ಅರ್ಥದ ಕವಿರಾಜಮಾರ್ಗದ ಮಾತನ್ನು ಪ್ರತಿವರ್ಷವೂ ತರಗತಿಯಲ್ಲಿ ವಿವರಿಸುತ್ತೇವೆ. ಒಂಬತ್ತನೆಯ ಶತಮಾನದ ಆ ಮಾತನ್ನು ನಾಡಿನ ಹೊಗಳಿಕೆಯೆಂದು ಅರ್ಥೈಸಿ ಮುಂದೆ ಸಾಗುವುದು ವಾಡಿಕೆ. ಓದು ಮತ್ತು ಸಾಹಿತ್ಯಸಂಸ್ಕಾರ ಎರಡೂ ಒಂದೇ ಅಲ್ಲ ಎಂಬ ತಿಳಿವಳಿಕೆಯೂ ಅದರಲ್ಲಿ ಅಡಗಿದೆ. ‘ಓದು’ ಎಂಬ ಧಾತುವಿಗೆ ಗಟ್ಟಿಯಾಗಿ ಹೇಳು, ಪಠಿಸು ಎಂಬ ಅರ್ಥ ಪ್ರಾಚೀನವಾದುದು. ದೇವಾರವನ್ನು ಹಾಡುವವರನ್ನು ತಮಿಳರು ಇಂದಿಗೂ ‘ಓದುವಾರ್’ ಎನ್ನುತ್ತಾರೆ. ಕುಮಾರವ್ಯಾಸನ ಭಾರತವು ಶತಮಾನಗಳ ಕಾಲ ಜನರನ್ನು ತಲಪಿದ್ದು ಬಹುಮಟ್ಟಿಗೆ ಗಮಕಿಯ ಕಂಠದ ಮೂಲಕ. ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುತ್ತಿದ್ದರೆ, ಜಗಲಿಯಲ್ಲಿ ಕುಳಿತ ಅಕ್ಷರಸ್ಥರೂ ನಿರಕ್ಷರಿಗಳೂ ಸಮಾನ ಶ್ರೋತೃಗಳು. ಅಲ್ಲಿ ಯಾರನ್ನೂ ಓದಿ ತೋರಿಸು ಎಂದು ಕೇಳುತ್ತಿರಲಿಲ್ಲ. ಮೌನವಾಗಿ, ಒಂಟಿಯಾಗಿ, ಕಣ್ಣಿನಿಂದಲೇ ಓದಬೇಕೆಂಬ ನಿಯಮ ಆಧುನಿಕ ಗ್ರಂಥಾಲಯದ ಜೊತೆಗೆ ಬಂದುದು. ಹೀಗಿರುವಾಗ ಧ್ವನಿಮುದ್ರಿತ ಪುಸ್ತಕವನ್ನು ಪರಕೀಯವೆಂದು ಭಾವಿಸುವುದಕ್ಕೆ ಕಾರಣವಿಲ್ಲ.

ಕಾನೂನೂ ಇಂದು ಇದಕ್ಕೆ ಅನುಕೂಲವಾಗಿದೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಅಂಗವೈಕಲ್ಯವುಳ್ಳವರ ಬಳಕೆಗಾಗಿ ಲಾಭದ ಉದ್ದೇಶವಿಲ್ಲದೆ ಕೃತಿಯೊಂದನ್ನು ಸುಲಭಗ್ರಾಹ್ಯ ರೂಪಕ್ಕೆ ತರುವುದು ಸ್ವಾಮ್ಯದ ಉಲ್ಲಂಘನೆಯಾಗದು. 2013ರ ಮರಾಕೆಶ್ ಒಪ್ಪಂದವು ಕುರುಡರ ಜೊತೆಗೆ ಓದಿನ ನ್ಯೂನತೆಯುಳ್ಳವರನ್ನೂ ತನ್ನ ವ್ಯಾಪ್ತಿಗೆ ತಂದಿತು. 2014ರಲ್ಲಿ ಅದನ್ನು ಅನುಮೋದಿಸಿದ ಮೊದಲ ರಾಷ್ಟ್ರ ಭಾರತ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲ ಗ್ರಂಥಾಲಯವು ಮುದ್ರಿತ ಪುಟವನ್ನು ಓದಲಾಗದವರಿಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಒದಗಿಸುತ್ತಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಕಥೆಗಳು ಓದಿನ ನಾಲ್ಕು ಹಂತಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಮುಕ್ತ ಪರವಾನಗಿಯಿರುವುದರಿಂದ ಮೂಲವನ್ನು ಹೆಸರಿಸಿ ಅವನ್ನು ಮುದ್ರಿಸಬಹುದು, ಧ್ವನಿಮುದ್ರಿಸಲೂಬಹುದು. ಕರ್ನಾಟಕದ 1965ರ ಗ್ರಂಥಾಲಯ ಅಧಿನಿಯಮದಲ್ಲಿರುವ ಗ್ರಂಥಾಲಯ ಕರದ ಆಸರೆ ಮಹಾರಾಷ್ಟ್ರದ 1967ರ ಅಧಿನಿಯಮದಲ್ಲಿಲ್ಲ. ಸಂಘಗಳ ವಾಚನಾಲಯಗಳು ಅನುದಾನ ಮತ್ತು ದಾನಿಗಳನ್ನೇ ನೆಚ್ಚಬೇಕು. ಅಲ್ಪ ವೆಚ್ಚದ ಈ ಸಾಧನಗಳು ನಮಗೆ ಮುಖ್ಯವೆನಿಸಲು ಇದೂ ಒಂದು ಕಾರಣ.

ಸಾಧನಗಳನ್ನು ತಂದಿರಿಸಿದರಷ್ಟೇ ಸಾಲದು. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ, ಡಿಸ್‌ಲೆಕ್ಸಿಯವುಳ್ಳವರಿಗೆ ಸಲ್ಲಿಸಬೇಕಾದ ಸೇವೆಯ ಕುರಿತು 2001ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿ 2014ರಲ್ಲಿ ಅದನ್ನು ಪರಿಷ್ಕರಿಸಿತು. ಸಿಬ್ಬಂದಿಯ ತಿಳಿವಳಿಕೆ, ಆತ್ಮೀಯ ಸ್ವಾಗತ, ಸುಲಭವಾಗಿ ಕಣ್ಣಿಗೆ ಬೀಳುವ ಸಾಮಗ್ರಿ ಇವುಗಳಿಗೆ ಅಲ್ಲಿ ಪ್ರಾಧಾನ್ಯ. ನಮ್ಮ ಸಂದರ್ಭಕ್ಕೆ ಅನ್ವಯಿಸಿ ಹೇಳುವುದಾದರೆ, ದೊಡ್ಡ ಅಚ್ಚು ಮತ್ತು ಸಾಲುಗಳ ನಡುವೆ ಧಾರಾಳ ಅಂತರವುಳ್ಳ ಪುಸ್ತಕಗಳು ಬೇಕು. ಮೊದಲ ಹಂತದಲ್ಲಿ ವಿಜಾತೀಯ ಒತ್ತಕ್ಷರಗಳು ಅಪರೂಪವಾಗಿರಬೇಕು. ಪುಸ್ತಕದ ಜೊತೆಗೇ ಅದರ ಧ್ವನಿಮುದ್ರಿಕೆ ಇರಬೇಕು. ಮಗು ಕೇಳುತ್ತ ಸಾಲಿನ ಮೇಲೆ ಬೆರಳಾಡಿಸುವಂತಾಗಬೇಕು. ಭಾಷೆ ಸರಳವಾಗಿದ್ದರೂ ವಸ್ತು ಎಳಸಾಗಬಾರದು. ಹನ್ನೆರಡು ವರ್ಷದ ಹುಡುಗನಿಗೆ ನಾಲ್ಕು ವರ್ಷದವರ ಮೊಲದ ಕಥೆಯನ್ನು ಕೊಟ್ಟರೆ ಅವನು ಮತ್ತೆ ಅತ್ತ ಸುಳಿಯುವುದಿಲ್ಲ. ಕ್ರಿಕೆಟ್ಟು, ಸಮುದ್ರ, ರೈಲುಗಳ ಕುರಿತು ಅವನ ಪ್ರಾಯಕ್ಕೆ ಒಪ್ಪುವ ಬರೆಹ ಬೇಕು. ಆ ಕಪಾಟಿನ ಮೇಲೆ ನ್ಯೂನತೆಯನ್ನು ಸಾರುವ ಫಲಕವಿರಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ವಾರಕ್ಕೊಮ್ಮೆ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಓದಿ ಹೇಳುವ, ಓದಿ ತೋರಿಸೆಂದು ಒತ್ತಾಯಿಸದ ಒಬ್ಬ ವ್ಯಕ್ತಿ ಬೇಕು. ಪ್ರತಿಯೊಬ್ಬ ಓದುಗನಿಗೂ ತನ್ನ ಪುಸ್ತಕ ದೊರೆಯಬೇಕೆಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಎರಡನೆಯದಾಗಿ ಇರಿಸಿದರು. ಆ ಸೂತ್ರದ ನಿಜವಾದ ಪರೀಕ್ಷೆ ನಡೆಯುವುದು ಓದು ಬಾರದ ಓದುಗನ ಮುಂದೆ.

ಆ ತಾಯಿಯ ಭೇಟಿಯ ಅನಂತರ ನಮ್ಮ ಎಂ.ಎ. ವಿದ್ಯಾರ್ಥಿಗಳಲ್ಲಿ ಕೆಲವರು ಮುಕ್ತ ಪರವಾನಗಿಯ ಕಥೆಗಳನ್ನು ಆರಿಸಿ ಮೊಬೈಲಿನಲ್ಲಿಯೇ ಧ್ವನಿಮುದ್ರಿಸತೊಡಗಿದರು. ಮೊದಲು ಎಲ್ಲರೂ ಆಕಾಶವಾಣಿಯ ವಾರ್ತಾವಾಚಕರಂತೆ ಓದಿದರು. ಬಳಿಕ ಸಂಕೋಚ ಕಳೆದು ಒಬ್ಬೊಬ್ಬರೂ ತಮ್ಮ ತಮ್ಮ ಕನ್ನಡಕ್ಕೆ ಮರಳಿದರು. ಉಡುಪಿಯ ಕಡೆಯ ಕನ್ನಡ, ಧಾರವಾಡದ ಕನ್ನಡ, ಅಕ್ಕಲಕೋಟೆಯ ಗಡಿಗನ್ನಡ ಎಲ್ಲವೂ ಅಲ್ಲಿ ಕೂಡಿದವು. ಆ ಬಾಲಕಿ ಇದರಿಂದ ನಿರರ್ಗಳ ಓದುಗಳಾದಳೆಂದು ನಾನು ಹೇಳಲಾರೆ. ಅಂಥ ಪವಾಡಗಳು ನಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಅವಳಿಗೆ ವಿಶೇಷ ಶಿಕ್ಷಕರ ನೆರವು ಮುಂದುವರಿಯಿತು. ಆದರೆ ಅವಳು ಕಥೆಗಳನ್ನು ಕೇಳಿದಳು. ಕೇಳಿದ ಕಥೆಯ ಪುಸ್ತಕವನ್ನು ಮಾತ್ರ ಕೈಗೆತ್ತಿಕೊಂಡು ಸಾಲಿನ ಮೇಲೆ ಬೆರಳಿಟ್ಟು ನಡೆಸತೊಡಗಿದಳು. ಅಕ್ಕಲಕೋಟೆಯ ವಿದ್ಯಾರ್ಥಿನಿಯ ಧ್ವನಿಯಲ್ಲಿದ್ದ ಕಥೆಯನ್ನು ಕೇಳಿ, ಇದು ನಮ್ಮ ಊರಿನ ಮಾತು ಎಂದು ಅಜ್ಜಿಯೂ ಪಕ್ಕದಲ್ಲಿ ಬಂದು ಕುಳಿತರಂತೆ.

ವಿಶ್ವವಿದ್ಯಾಲಯದ ವಿಭಾಗಕ್ಕೆ ಸಾಹಿತ್ಯ ಸಂಶೋಧನೆ ಸಾಕು, ಮಕ್ಕಳ ಓದಿನ ಚಿಕಿತ್ಸೆ ನಮ್ಮ ಕ್ಷೇತ್ರವಲ್ಲ ಎಂದು ಸಹೋದ್ಯೋಗಿ ಮಿತ್ರರು ಆಕ್ಷೇಪಿಸಿದ್ದುಂಟು. ಚಿಕಿತ್ಸೆ ನಮ್ಮದಲ್ಲ ಎಂಬುದು ದಿಟ. ಆದರೆ ಚಿಕಿತ್ಸಕರಿಗೆ ಬೇಕಾದ ಭಾಷಾಸಾಮಗ್ರಿಯನ್ನು ಒದಗಿಸಬಲ್ಲವರು ನಾವೇ. ಕನ್ನಡ ಪಠ್ಯಗಳಲ್ಲಿ ಯಾವ ಒತ್ತಕ್ಷರಗಳು ಎಷ್ಟು ಬಾರಿ ಬರುತ್ತವೆ? ಹೊರನಾಡ ಮಗುವಿನ ಮಾತಿನಲ್ಲಿ ಜೀವಂತವಾಗಿರುವ ಪದಗಳಾವುವು? ಶಿಶುಪ್ರಾಸಗಳ ಲಯವು ಪದಗಳನ್ನು ಊಹಿಸಲು ಹೇಗೆ ನೆರವಾಗುತ್ತದೆ? ಇವು ಭಾಷಾವಿಜ್ಞಾನ, ಛಂದಸ್ಸು, ಜಾನಪದಗಳ ಪ್ರಶ್ನೆಗಳು, ಎಂ.ಫಿಲ್., ಪಿಎಚ್.ಡಿ.ಗಳಿಗಾಗಿ ನಾವು ಆರಿಸಿಕೊಂಡ ಎಷ್ಟೋ ವಿಷಯಗಳಿಗಿಂತ ಇವು ಕಡಮೆಯವಲ್ಲ. ಕೇಳುವ ಅಭ್ಯಾಸ ಬೆಳೆದರೆ ಓದು ಸಾಯುತ್ತದೆಂಬ ಇನ್ನೊಂದು ಆಕ್ಷೇಪವಿದೆ. ಗಮಕ, ಹರಿಕಥೆ, ತಾಳಮದ್ದಲೆಗಳು ಕನ್ನಡದ ಓದನ್ನು ಕೊಂದ ದಾಖಲೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಎಲ್ಲಿಯೂ ಇಲ್ಲ. ಅವು ಓದುಗರನ್ನು ಸಿದ್ಧಪಡಿಸಿದವು.

ಆದುದರಿಂದ ಈ ಸಂಪುಟದ ಓದುಗರಾದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿಯಿಷ್ಟೆ. ತಮ್ಮ ಸಂಘದ ವಾಚನಾಲಯದಲ್ಲಿ ಒಂದು ಹಲಗೆಯಷ್ಟು ಜಾಗವನ್ನು ಕೇಳಿ ಪಡೆಯಲಿ. ಇಪ್ಪತ್ತು ಪುಸ್ತಕಗಳು, ಅವುಗಳ ಇಪ್ಪತ್ತು ಧ್ವನಿಮುದ್ರಿಕೆಗಳು, ಓದಿ ಹೇಳಲು ವಾರಕ್ಕೆ ಅರ್ಧ ಗಂಟೆ — ಆರಂಭಕ್ಕೆ ಇಷ್ಟು ಸಾಕು. ಮುಂಬಯಿಯಲ್ಲಿ ಕನ್ನಡದ ಭವಿಷ್ಯದ ಕುರಿತು ವಿಚಾರಸಂಕಿರಣಗಳಲ್ಲಿ ಚರ್ಚಿಸುವಾಗ ಶಾಲೆಗಳ ಸಂಖ್ಯೆಯನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಎಣಿಸುತ್ತೇವೆ. ಅಕ್ಷರ ಕೂಡಿಬರಲಿಲ್ಲವೆಂಬ ಒಂದೇ ಕಾರಣಕ್ಕೆ ಸದ್ದಿಲ್ಲದೆ ಕನ್ನಡದಿಂದ ಹೊರಗುಳಿದ ಮಕ್ಕಳು ಆ ಲೆಕ್ಕದಲ್ಲಿ ಬರುವುದಿಲ್ಲ. ಓದದೆಯೂ ಕಾವ್ಯವನ್ನು ಬಲ್ಲವರೆಂದು ಹಿರಿಯರಿಂದ ಹೊಗಳಿಸಿಕೊಂಡ ಜನರು ನಾವು. ಓದಲಾರದ ಮಗುವಿಗೆ ಕಾವ್ಯವನ್ನು ತಲಪಿಸುವ ಹೊಣೆ ಆ ಹೊಗಳಿಕೆಯ ಜೊತೆಗೇ ನಮಗೆ ಬಂದಿದೆ.